ಪರೀಕ್ಷೆಗೆ ಮುನ್ನ ಅರಿವು



ಕಪಿಲೆ ಹರಿಯುವ ನಂಜನಗೂಡಿನಿಂದ, ಅದು ಕಾವೇರಿಯನ್ನು ಕೂಡುವ ತಿರುಮಕೂಡಲಿನವರೆಗೆ ಹಿರಿಯರನೇಕರು ಮೂತ್ರದ ಬಾಧೆಯನ್ನು ನಾಚಿಕೆಯಿಂದ ಮುಚ್ಚಿಡುವುದುಂಟು. ದೇಹವು ಸಾಧನೆಯ ಉಪಕರಣ. ಅದರ ಬೇನೆಯನ್ನು ವೈದ್ಯರಿಗೆ ಅರುಹಲು ಲಜ್ಜೆಯೇಕೆ?

ಬಾಧೆಯೇ ಇಲ್ಲದವರು ಪ್ರಾಸ್ಟೇಟ್ ಗ್ರಂಥಿಗಾಗಿ ಪಿ.ಎಸ್.ಎ. ರಕ್ತಪರೀಕ್ಷೆ ಮಾಡಿಸಬೇಕೇ ಎಂಬುದು ಬೇರೆ ಪ್ರಶ್ನೆ. ಅದರ ಪ್ರಮಾಣವು ಕ್ಯಾನ್ಸರಿನಿಂದಷ್ಟೇ ಅಲ್ಲ, ಸೋಂಕಿನಿಂದಲೂ ವಯೋಸಹಜ ಊತದಿಂದಲೂ ಏರೀತು. ಗ್ರಂಥಿಯೊಳಗೇ ಉಳಿದ ಕ್ಯಾನ್ಸರಿನ 1,643 ರೋಗಿಗಳನ್ನು ಬ್ರಿಟನ್ನಿನಲ್ಲಿ ಸುಮಾರು 15 ವರ್ಷ ಗಮನಿಸಿ, 2023ರಲ್ಲಿ ಫಲ ಪ್ರಕಟಿಸಿದರು: ಶಸ್ತ್ರಚಿಕಿತ್ಸೆ, ವಿಕಿರಣ, ಎಚ್ಚರದ ನಿಗಾ ಯಾವುದಾದರೂ ಈ ರೋಗದಿಂದ ಮಡಿದವರು ನೂರಕ್ಕೆ ಸುಮಾರು 3 ಮಂದಿ. ಚಿಕಿತ್ಸೆಯಿಂದ ಮೂತ್ರದ ಹಿಡಿತವೂ ಪುಂಸತ್ವವೂ ಕುಂದಬಹುದು. ಉಗ್ರ ರೋಗವನ್ನು ಕಡೆಗಣಿಸಿದರೆ ಎಲುಬಿಗೂ ಹರಡೀತು.

ಆದುದರಿಂದ ಭಯದಿಂದ ಧಾವಿಸದೆ, ನಾಚಿ ಅಡಗದೆ, ‘ಫಲ ತಿಳಿದ ಮೇಲೆ ನಾನೇನು ಮಾಡುವೆ?’ ಎಂದು ವೈದ್ಯರೊಡನೆ ಮೊದಲೇ ವಿಚಾರಿಸಿ ನಿರ್ಧರಿಸಿರಿ. ಅರಿವು ಮುಂದಾಗಲಿ, ಆಚಾರ ಅದನ್ನು ಅನುಸರಿಸಲಿ.