ಖಾಲಿ ಡಬ್ಬಿಯ ಲೆಕ್ಕ

ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಖಾಲಿಯಾಗಿ ಹಿಂದಿರುಗಿಸಬಾರದು ಅನ್ನುವುದು ನಮ್ಮ ಕಡೆ ಯಾರೂ ಕೂರಿಸಿಕೊಂಡು ಹೇಳಿಕೊಡದೆ ಬರುವ ಪಾಠ. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಊರಲ್ಲಿ ಇದ್ದಷ್ಟು ದಿನ ಈ ನಿಯಮದ ಬಗ್ಗೆ ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ. ಅಲ್ಲಿ ಪಕ್ಕದ ಮನೆಯವರೆಂದರೆ ದಾಯಾದಿಗಳು, ಇಲ್ಲವೇ ಮೂರು ತಲೆಮಾರಿನಿಂದ ಗೊತ್ತಿದ್ದವರು. ಯಾರು ಯಾರಿಗೆ ಏನು ಕೊಟ್ಟರು ಎಂದು ಯಾರು ನೆನಪಿಟ್ಟುಕೊಳ್ಳುತ್ತಾರೆ? ಪರಊರಿಗೆ ಬಂದು, ಗೋಡೆಯ ಆಚೆ ಯಾರಿದ್ದಾರೆಂದೇ ತಿಳಿಯದ ಫ್ಲಾಟಿನಲ್ಲಿ ನೆಲೆಸಿದ ಮೇಲೆಯೇ ಇದೊಂದು ಪ್ರಶ್ನೆಯಾಗಿ ನನ್ನೆದುರು ಬಂದದ್ದು. ವಾಪಸು ಏನಾದರೂ ಬಂದೇ ಬರುತ್ತದೆ ಎಂದು ಗೊತ್ತಿದ್ದೂ ಕೊಟ್ಟದ್ದು ಕೊಡುಗೆಯೋ, ವ್ಯವಹಾರವೋ? ಪಡೆದದ್ದನ್ನು ತೀರಿಸಲು ಸಾಧ್ಯವೇ ಆಗದಿದ್ದರೆ ಅದು ಸಾಲವಾಗಿ ಉಳಿಯುತ್ತದೆಯೋ?

ನಾನು ಓದಿದ್ದು ಎಂ.ಕಾಂ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳು. ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರಲೇಬೇಕು, ಸಂಜೆ ಲೆಕ್ಕ ತಾಳೆಯಾಗದೆ ಮನೆಗೆ ಹೋಗುವಂತಿಲ್ಲ ಅನ್ನುವ ಶಿಸ್ತಿನಲ್ಲಿ ಬೆಳೆದವಳು. ಹಾಗಾಗಿ ಬಿಸ್ಕತ್ತಿನ ಡಬ್ಬಿಯಲ್ಲೂ ನನಗೆ ಲೆಕ್ಕವೇ ಕಂಡರೆ ಓದುಗರು ಬೇಸರಪಟ್ಟುಕೊಳ್ಳಬಾರದು.

ನಾವಿರುವುದು ಮುಂಬಯಿಯ ಮಲಾಡ್‌ನಲ್ಲಿ, ಓರ್ಲೆಮ್ ಕಡೆ. ಡಿಸೆಂಬರ್ ಬಂತೆಂದರೆ ಇಲ್ಲಿನ ಕಿಟಕಿಗಳಲ್ಲಿ ನಕ್ಷತ್ರದ ಗೂಡುದೀಪಗಳು ತೂಗುತ್ತವೆ. ನಮ್ಮ ಎದುರು ಮನೆಯಲ್ಲಿ ಮಂಗಳೂರು ಕಡೆಯ ಒಬ್ಬ ಹಿರಿಯ ಹೆಂಗಸು ಇದ್ದರು. ಇಡೀ ಬಿಲ್ಡಿಂಗಿಗೆ ಅವರು ಆಂಟಿ. ಮನೆಮಾತು ಕೊಂಕಣಿಯಾದರೂ ನನ್ನ ಜೊತೆ ಕನ್ನಡ. ಕ್ರಿಸ್‌ಮಸ್‌ಗೆ ವಾರ ಮುಂಚೆ ಅವರ ಅಡಿಗೆಮನೆಯಲ್ಲಿ ಕುಸ್ವಾರ್ ಕೆಲಸ ಶುರುವಾಗುತ್ತಿತ್ತು: ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ, ಅಚ್ಚಪ್ಪದಂಥ ರೋಸ್ ಕುಕ್ಕಿ, ಮೇಲೆ ಪ್ಲಮ್ ಕೇಕು. ಕೇಕಿಗೆ ಮೊಟ್ಟೆ ಬೇಕು. ನಾವು ಮೊಟ್ಟೆ ತಿನ್ನುವುದಿಲ್ಲ. ನಾವು ಬಂದ ಮೊದಲ ವರ್ಷವೇ ಅವರು ಇದನ್ನು ಯಾರ ಹತ್ತಿರವೋ ಕೇಳಿ ತಿಳಿದುಕೊಂಡಿದ್ದರು. ಇಪ್ಪತ್ನಾಲ್ಕನೇ ತಾರೀಖು ಸಂಜೆ ಡಬ್ಬಿ ಹಿಡಿದು ಬಂದು, “ಇದರಲ್ಲಿ ಮೊಟ್ಟೆ ಇಲ್ಲ ಮಾರಾಯ್ರೆ, ಪಾತ್ರೆ ಸಹ ಬೇರೆಯೇ. ಧೈರ್ಯದಲ್ಲಿ ತಿನ್ನಿ” ಅಂದರು. ಒಳಗೆ ಕಿತ್ತಳೆ ಸಿಪ್ಪೆಯ ಘಮದ ಬಿಸ್ಕತ್ತು. ನಮಗೆಂದೇ ಬೇರೆ ಮಾಡಿದ್ದು.

ಆ ಬಿಸ್ಕತ್ತಿನ ಕೆಲಸ ಸುಲಭವೆಂದು ತಿಳಿಯಬೇಡಿ. ಡಿಸೆಂಬರ್‌ನಲ್ಲಿ ಇಲ್ಲಿನ ಮಾರ್ಕೆಟ್ಟಿಗೆ ನಾಗಪುರದ ಸಂತ್ರ ಗಾಡಿಗಟ್ಟಲೆ ಬರುತ್ತದೆ. ಅದರ ಸಿಪ್ಪೆ ಸಡಿಲ, ತೆಳು. ಸುಲಿದ ಮೇಲೆ ತುರಿಯಲು ಆಗುವುದಿಲ್ಲ, ಇಡೀ ಹಣ್ಣನ್ನೇ ಸಣ್ಣ ಕಣ್ಣಿನ ತುರಿಮಣೆಯ ಮೇಲೆ ಮೆಲ್ಲಗೆ ಆಡಿಸಬೇಕು. ಪರಿಮಳದ ಎಣ್ಣೆಯೆಲ್ಲ ಇರುವುದು ಹೊರಗಿನ ಕಿತ್ತಳೆ ಬಣ್ಣದ ಪದರದಲ್ಲಿ. ಒಳಗಿನ ಬಿಳಿ ಪದರಕ್ಕೆ ತಾಗಿದರೆ ಕಹಿ. ಎರಡು ಹಣ್ಣಿನ ತುರಿಯನ್ನು ಎಂಬತ್ತು ಗ್ರಾಂ ಪುಡಿ ಸಕ್ಕರೆಗೆ ಹಾಕಿ ಬೆರಳಲ್ಲಿ ಉಜ್ಜಬೇಕು. ಆಗ ಎಣ್ಣೆ ಬಿಟ್ಟುಕೊಂಡು ಸಕ್ಕರೆಯೇ ಒದ್ದೆಮರಳಿನಂತಾಗಿ ಘಮ್ಮೆನ್ನುತ್ತದೆ. ಅದಕ್ಕೆ ನೂರಿಪ್ಪತ್ತು ಗ್ರಾಂ ಬೆಣ್ಣೆ ಸೇರಿಸಿ ಹದವಾಗಿ ತಿಕ್ಕಿ, ಇನ್ನೂರು ಗ್ರಾಂ ಮೈದಾ, ಚಿಟಿಕೆ ಉಪ್ಪು. ರಸ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ರಸದಲ್ಲಿ ಇರುವುದು ಹುಳಿ, ನೀರು. ಹಿಟ್ಟು ಅಂಟಾಗುತ್ತದೆಯೇ ಹೊರತು ಪರಿಮಳ ಹೆಚ್ಚುವುದಿಲ್ಲ. ಹೆಚ್ಚು ನಾದಿದರೆ ಗಟ್ಟಿಯಾಗುತ್ತದೆ. ಉಂಡೆ ತಟ್ಟಿ, 170 ಡಿಗ್ರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ. ಹೊರತೆಗೆದಾಗ ಮೆತ್ತಗೇ ಇರುತ್ತದೆ, ಬೆಂದಿಲ್ಲವೆಂದು ಮತ್ತೆ ಒಳಗಿಟ್ಟರೆ ಕೆಟ್ಟಿತು. ಆರಿದ ಮೇಲೆ ತಾನೇ ಗರಿಗರಿ. ಆಂಟಿಯ ಹತ್ತಿರ ಇದ್ದದ್ದು ಮುಚ್ಚಳಕ್ಕೆ ಗಾಜಿನ ಕಿಂಡಿ ಇರುವ ದುಂಡನೆಯ ಅಲ್ಯುಮಿನಿಯಂ ಓವನ್. ಡಿಗ್ರಿ ತೋರಿಸುವ ಮುಳ್ಳೇ ಇರಲಿಲ್ಲ. ವಾಸನೆಯ ಮೇಲೆ ಹದ ಹೇಳುತ್ತಿದ್ದರು.

ಕಿತ್ತಳೆ ಸಿಪ್ಪೆ ನಮಗೆ ಹೊಸದೇನಲ್ಲ. ಹಾಸನದ ನಮ್ಮ ಮನೆಯಲ್ಲಿ ಕೊಡಗಿನ ಕಿತ್ತಳೆ ಬಂದರೆ ಹಣ್ಣು ಮಕ್ಕಳಿಗೆ, ಸಿಪ್ಪೆ ಹುಣಸೆಹಣ್ಣು ಬೆಲ್ಲದ ಜೊತೆ ಗೊಜ್ಜಿಗೆ. ಎಸೆಯುವುದರಿಂದ ರುಚಿ ತೆಗೆಯುವ ಬುದ್ಧಿ ಎರಡೂ ಕಡೆ ಒಂದೇ ಎಂದು ಆಂಟಿಗೂ ನನಗೂ ಅಲ್ಲೇ ಹೊಂದಿಕೆಯಾಯಿತು.

ಸರಿ, ಡಬ್ಬಿ ವಾಪಸು ಕೊಡಬೇಕಲ್ಲ. ಇಪ್ಪತ್ತು ದಿನ ಕಳೆದರೆ ಸಂಕ್ರಾಂತಿ. ಅದೇ ಡಬ್ಬಿಯಲ್ಲಿ ಎಳ್ಳುಬೆಲ್ಲ ತುಂಬಿ, ಮೇಲೊಂದು ಸಕ್ಕರೆ ಅಚ್ಚು ಇಟ್ಟು ಎದುರು ಮನೆಗೆ ಬೀರಿ ಬರುತ್ತಿದ್ದೆ. ವರ್ಷ ವರ್ಷವೂ ಇದೇ. “ಇಪ್ಪತ್ತು ದಿನದ ಕ್ರೆಡಿಟ್, ಬಡ್ಡಿ ಇಲ್ಲ” ಎಂದು ನಮ್ಮನೆಯವರು ಗೇಲಿ ಮಾಡೋರು. ತಮಾಷೆಯೇ ಆದರೂ ಆ ಮಾತು ನನ್ನೊಳಗೆ ಉಳಿದುಕೊಂಡಿತು. ಹಾಗಾದರೆ ನಾವು ಮಾಡುತ್ತಿದ್ದದ್ದು ಬರೀ ಅದಲುಬದಲೇ?

ಗೀತೆಯ ಹದಿನೇಳನೇ ಅಧ್ಯಾಯ ಈ ವಿಷಯದಲ್ಲಿ ನಿಷ್ಠುರವಾಗಿದೆ. ಪ್ರತಿಯಾಗಿ ಉಪಕಾರ ಮಾಡಲಾರದವನಿಗೆ ಕೊಡುವುದು ಸಾತ್ವಿಕ ದಾನ, ಪ್ರತ್ಯುಪಕಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಡುವುದು ರಾಜಸ. ಆ ಅಳತೆಯಲ್ಲಿ ನನ್ನ ಎಳ್ಳುಬೆಲ್ಲ, ಆಂಟಿಯ ಬಿಸ್ಕತ್ತು ಎರಡೂ ಎರಡನೇ ದರ್ಜೆಯವು. ಫ್ರಾನ್ಸಿನ ಮಾರ್ಸೆಲ್ ಮೋಸ್ ಎಂಬ ವಿದ್ವಾಂಸ 1925ರಲ್ಲಿ ಕೊಡುಗೆಯ ಬಗ್ಗೆಯೇ ಒಂದು ದೊಡ್ಡ ಪ್ರಬಂಧ ಪ್ರಕಟಿಸಿದ. ಕೊಡುವುದು, ತೆಗೆದುಕೊಳ್ಳುವುದು, ಹಿಂದಿರುಗಿಸುವುದು ಮೂರೂ ಕಟ್ಟುಪಾಡುಗಳೇ, ಸ್ವಂತ ಇಚ್ಛೆಯಿಂದ ಕೊಟ್ಟಂತೆ ಕಂಡರೂ ಒಳಗೆ ಬಾಧ್ಯತೆ ಇದ್ದೇ ಇರುತ್ತದೆ ಎಂಬುದು ಅವನ ವಾದ. ಒಬ್ಬರು ಇದು ಕೀಳು ದಾನ ಅಂತಾರೆ, ಇನ್ನೊಬ್ಬರು ಇದು ದಾನವೇ ಅಲ್ಲ, ಬಾಧ್ಯತೆ ಅಂತಾರೆ.

ಬ್ಯಾಂಕಿನಲ್ಲಿ ಗ್ರಾಹಕರಿಂದ ಉಡುಗೊರೆ ತೆಗೆದುಕೊಳ್ಳಲು ನಿರ್ಬಂಧವಿದೆ. ಅದು ಸರಿಯೇ. ದೀಪಾವಳಿಗೆ ಸಾಲಗಾರ ತಂದಿಟ್ಟ ದ್ರಾಕ್ಷಿ ಗೋಡಂಬಿ ಡಬ್ಬಿಗೂ ಒಂದು ವಾಪಸಾತಿ ಉಂಟು. ಆದರೆ ಅದು ಏನು, ಯಾವಾಗ ಎಂದು ಅವನಿಗೆ ಮೊದಲೇ ಗೊತ್ತು: ಮಾರ್ಚ್ ಒಳಗೆ ಲಿಮಿಟ್ ಹೆಚ್ಚಿಸಬೇಕು. ಅವನು ಕೇಳುತ್ತಿರುವುದು ನನ್ನದಲ್ಲ, ಬ್ಯಾಂಕಿನದು. ಆಂಟಿಗೆ ನಾನು ಏನು ಕೊಡುತ್ತೇನೆ, ಕೊಡುತ್ತೇನೋ ಇಲ್ಲವೋ, ಗೊತ್ತಿರಲಿಲ್ಲ. ಒಂದು ವೇಳೆ ನಾನು ಮಾರನೇ ದಿನವೇ ಅಷ್ಟೇ ತೂಕದ, ಅಷ್ಟೇ ಬೆಲೆಯ ಬಿಸ್ಕತ್ತನ್ನು ಅಂಗಡಿಯಿಂದ ತಂದು ಅವರ ಡಬ್ಬಿಗೆ ತುಂಬಿ ಕೊಟ್ಟಿದ್ದರೆ? ಲೆಕ್ಕ ಪೈಸೆಗೆ ಪೈಸೆ ತಾಳೆಯಾಗುತ್ತಿತ್ತು. ಅವರ ಮುಖ ಮಾತ್ರ ಸಣ್ಣದಾಗುತ್ತಿತ್ತು. ನಿಜವಾದ ಅದಲುಬದಲಿನಲ್ಲಿ ಹಾಗೆ ಆಗಬಾರದು. ಸಾಲ ಕೂಡಲೇ, ಪೂರ್ತಿಯಾಗಿ ತೀರಿದರೆ ಯಾವ ಬ್ಯಾಂಕರೂ ಅವಮಾನ ಪಡುವುದಿಲ್ಲ. ಹಾಗಾಗಿ ಇದು ವ್ಯವಹಾರವಲ್ಲ ಎಂದೇ ನನ್ನ ತೀರ್ಮಾನ. ಇಪ್ಪತ್ತು ದಿನದ ತಡ, ಬಿಸ್ಕತ್ತಿಗೆ ಎಳ್ಳು ಎಂಬ ಹೊಂದಾಣಿಕೆಯಿಲ್ಲದ ವಿನಿಮಯ, ಇವೇ ಅದರ ಜೀವ. ಸದಾ ಒಂದು ಕಡೆ ಸ್ವಲ್ಪ ಬಾಕಿ ಇರಬೇಕು. ಬಾಕಿ ಇರುವವರೆಗೆ ಬಾಗಿಲು ತಟ್ಟಲು ಒಂದು ಕಾರಣ ಇರುತ್ತದೆ.

ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿದೆ. ಸಾಲ ತೀರಿತು ಎಂದರೆ ಸಂತೋಷದ ಸುದ್ದಿ. ಋಣ ತೀರಿತು ಎಂದರೆ ಯಾರೋ ಹೋದರು ಎಂದರ್ಥ, ಇಲ್ಲವೇ ಊರು ಬಿಟ್ಟೆವು ಎಂದರ್ಥ. ಎರಡು ಪದಕ್ಕೂ ನಿಘಂಟಿನಲ್ಲಿ ಅರ್ಥ ಒಂದೇ ಇರಬಹುದು, ಬಾಯಲ್ಲಿ ಒಂದೇ ಅಲ್ಲ. ದೇವಋಣ, ಋಷಿಋಣ, ಪಿತೃಋಣದ ಜೊತೆಗೆ ಶತಪಥ ಬ್ರಾಹ್ಮಣ ಮನುಷ್ಯಋಣ ಎಂದು ನಾಲ್ಕನೆಯದನ್ನೂ ಹೇಳುತ್ತದೆ. ಅದು ಸಲ್ಲುವುದು ಬಂದವರಿಗೆ ಅನ್ನ, ಆಸರೆ ಕೊಡುವುದರಿಂದ. ಇಂಥವರಿಗೇ ವಾಪಸು ಕೊಡು ಎಂಬ ಷರತ್ತಿಲ್ಲ ಅನ್ನುವುದನ್ನು ಗಮನಿಸಬೇಕು.

ಆದರೆ ಹಿಂದಿರುಗಿಸಲು ಕಷ್ಟವಿರುವವರ ಪಾಡೇನು? ನಮ್ಮ ಮನೆಗೆಲಸಕ್ಕೆ ಬರುವ ಮೌಶಿಗೆ ಒಂದು ಸಲ ಬಿಸ್ಕತ್ತಿನ ಡಬ್ಬಿ ಕೊಟ್ಟೆ. ಶಿಮ್ಗಾ ಹಬ್ಬಕ್ಕೆ ಕೊಂಕಣದ ತಮ್ಮ ಹಳ್ಳಿಗೆ ಹೋಗಿ ಬಂದವರು ಆ ಡಬ್ಬಿಯ ತುಂಬ ಒಣ ಕೋಕಂ ಸಿಪ್ಪೆ ತಂದಿಟ್ಟರು. ಸಿಪ್ಪೆಗೆ ಸಿಪ್ಪೆ! ಅಲ್ಲೇ ಇದ್ದ ನನ್ನ ಗೆಳತಿ, “ಪಾಪ, ಅವರ ಹತ್ತಿರ ಯಾಕೆ ತಗೋತೀಯ?” ಅಂದಳು. ನಾನು ತೆಗೆದುಕೊಂಡೆ. ಬೇಡವೆಂದಿದ್ದರೆ ನನ್ನ ದಾನ ಗೀತೆಯ ಮಾತಿನಂತೆ ಶುದ್ಧವಾಗಿ ಉಳಿಯುತ್ತಿತ್ತೇನೋ. ಆದರೆ “ನೀವು ಕೊಡುವ ಸ್ಥಿತಿಯಲ್ಲಿಲ್ಲ” ಎಂದು ಅವರ ಮುಖಕ್ಕೇ ಹೇಳಿದಂತಾಗುತ್ತಿತ್ತು. ಕೊಡುವುದು ದೊಡ್ಡತನ ಎಂದು ಎಲ್ಲ ಶಾಸ್ತ್ರಗಳೂ ಹೇಳುತ್ತವೆ. ತೆಗೆದುಕೊಳ್ಳುವುದರಲ್ಲೂ ಒಂದು ಕೊಡುವಿಕೆ ಇದೆ, ಎದುರಿನವರಿಗೆ ಸಮಾನವಾಗಿ ನಿಲ್ಲುವ ಜಾಗ ಕೊಟ್ಟಂತೆ ಅದು. ಆ ವರ್ಷವೆಲ್ಲ ನಮ್ಮ ಮನೆಯ ಸಾರಿಗೆ ಅದೇ ಕೋಕಂ.

ಆಂಟಿ 2019ರಲ್ಲಿ ತೀರಿಕೊಂಡರು. ಆ ಡಿಸೆಂಬರಿಗೆ ಅವರ ಡಬ್ಬಿ ಬರಲಿಲ್ಲ. ಹೋದ ಸಂಕ್ರಾಂತಿಗೆ ನಾನು ಬೀರಿದ್ದೇ ಕೊನೆಯದು. ಲೆಕ್ಕದ ಪ್ರಕಾರ ನನ್ನ ಕಡೆ ಬಾಕಿಯೇನೂ ಇಲ್ಲ. ಆದರೂ ಬಾಕಿ ಇದೆ ಎಂದೇ ಅನ್ನಿಸುತ್ತದೆ. ಎಳ್ಳುಬೆಲ್ಲವನ್ನು ನಾನು ಹೇಗೂ ನಮ್ಮ ಹಬ್ಬಕ್ಕೆ ಮಾಡುತ್ತಿದ್ದೆ, ಅದರಲ್ಲಿ ಒಂದು ಪಾಲು ಅವರಿಗೆ. ಅವರೋ ನೂರೆಂಟು ಕೆಲಸದ ನಡುವೆ ನಮ್ಮ ಮಡಿಗೋಸ್ಕರ ಬೇರೆ ಪಾತ್ರೆ ತೊಳೆದು, ಬೇರೆ ಹಿಟ್ಟು ಕಲಸಿದವರು. ಆ ಬೇರೆ ಪಾತ್ರೆಗೆ ಸಮನಾದದ್ದು ನನ್ನಿಂದ ಎಂದೂ ಹೋಗಲಿಲ್ಲ. ಹೋಗಬೇಕೆಂದು ಅವರು ನಿರೀಕ್ಷಿಸಲೂ ಇಲ್ಲ.

ಚೆಕ್ಕಿನ ಬೆನ್ನಿಗೆ ಸಹಿ ಹಾಕಿ ಇನ್ನೊಬ್ಬರ ಹೆಸರಿಗೆ ವರ್ಗಾಯಿಸುವುದಕ್ಕೆ 1881ರ ಕಾಯ್ದೆಯಲ್ಲೇ ಅವಕಾಶವಿದೆ. ಒಬ್ಬರಿಗೆ ಕೊಡಬೇಕಾದದ್ದನ್ನು ಮತ್ತೊಬ್ಬರಿಗೆ ಕೊಟ್ಟು ಮುಕ್ತರಾಗಬಹುದು. ಆಂಟಿ ಯಾವ ಸಹಿಯನ್ನೂ ಹಾಕಿ ಹೋಗಲಿಲ್ಲ. ಆದರೂ ನಾನು ಒಂದು ಚಿಕ್ಕ ಓವನ್ ಕೊಂಡು ಪ್ರತಿ ಡಿಸೆಂಬರ್ ಕಿತ್ತಳೆ ಬಿಸ್ಕತ್ತು ಮಾಡಿ ನಾಲ್ಕು ಮನೆಗೆ ಕೊಡುತ್ತೇನೆ. ನನ್ನದಲ್ಲದ ಹಬ್ಬಕ್ಕೆ ಯಾಕೆ ಎಂದು ಕೇಳುವವರಿದ್ದಾರೆ. ನನಗೆ ಬಂದದ್ದು ಆ ಹಬ್ಬದ ದಾರಿಯಲ್ಲೇ ತಾನೇ? ಎದುರು ಮನೆಗೆ ಬಾಡಿಗೆಗೆ ಬಂದಿರುವ ಎಳೆಯ ದಂಪತಿಗಳಿಗೆ ಎರಡು ವರ್ಷದಲ್ಲಿ ಎರಡು ಡಬ್ಬಿ ಹೋಗಿವೆ, ಒಂದೂ ವಾಪಸು ಬಂದಿಲ್ಲ. ಬ್ಯಾಂಕಿನ ಭಾಷೆಯಲ್ಲಿ ವಸೂಲಾಗದ ಸಾಲ. ಈ ವರ್ಷ ಮೂರನೆಯ ಡಬ್ಬಿ ಕೊಡುವವಳಿದ್ದೇನೆ. ಅವರು ಅದನ್ನು ಇನ್ಯಾವುದೋ ಊರಲ್ಲಿ, ಇನ್ಯಾರಿಗೋ ತುಂಬಿ ಕೊಡಬಹುದು. ಕೊಡದೆಯೂ ಇರಬಹುದು. ಅದನ್ನು ತಿಳಿಯುವ ದಾರಿ ನನಗಿಲ್ಲ, ಆಂಟಿಗೂ ಇರಲಿಲ್ಲ.

ಊರಿಗೆ ಬಂದಾಗಲೆಲ್ಲ ನೀವು ಕೇಳುತ್ತೀರಿ: ರಿಟೈರ್ ಆಯ್ತಲ್ಲ, ಇನ್ನೂ ಅಲ್ಲಿ ಏನಿದೆ, ವಾಪಸು ಬಂದುಬಿಡಿ. ಮನೆಯೇನೋ ಹಾಸನದಲ್ಲಿ ಇದೆ. ಆದರೆ ಸಾಲಪತ್ರ ವಾಪಸು ಪಡೆದು, ಬಾಕಿ ಇಲ್ಲವೆಂದು ಬರೆಸಿಕೊಂಡು ಹೊರಡುವಂಥ ಊರಲ್ಲ ಇದು. ಮೂರು ಡಬ್ಬಿ ಯಾರ್ಯಾರ ಮನೆಯಲ್ಲಿವೆ, ಎರಡು ಸ್ಟೀಲ್ ಡಬ್ಬಿ ಯಾರದ್ದೋ ನಮ್ಮ ಮನೆಯಲ್ಲಿವೆ. ಅವು ಖಾಲಿ ಹೋಗುವಂತಿಲ್ಲವಲ್ಲ.