ನಿವೃತ್ತಿಯೂ ಆರಂಭತ್ಯಾಗವೂ



ಸಂಸಾರಿ ಜೀವಕ್ಕೆ ದುಡಿಮೆಯೊಂದು ಭಾರ. ದುಡಿಮೆಯಿಲ್ಲದಿರುವುದು ಅದಕ್ಕಿಂತಲೂ ದೊಡ್ಡ ಭಾರ. ಇಪ್ಪತ್ತು ವರ್ಷ ಕಾಲ ಬಿಡುವಿಲ್ಲವೆಂದು ಹಲುಬಿದವನೇ, ಬಿಡುವು ದೊರೆತ ಮೂರನೆಯ ತಿಂಗಳಲ್ಲಿ ಹೊತ್ತು ಹೋಗುವುದಿಲ್ಲವೆಂದು ಹಲುಬುತ್ತಾನೆ. ಬೇಡಿದ್ದು ಕೈಸೇರಿದ ಮೇಲೂ ಈ ಹಲುಬು ಏಕೆ ಎಂಬುದನ್ನು ವಿಚಾರಿಸುವುದು ಪ್ರತಿಯೊಬ್ಬ ಗೃಹಸ್ಥನಿಗೂ ಹಿತಕರವಾಗಿದೆ.

ಕುಂದಾಪುರ ತಾಲ್ಲೂಕಿನಲ್ಲಿ ಸಹ್ಯಾದ್ರಿಯ ತಪ್ಪಲನ್ನು ಸೇರಿಕೊಂಡಿರುವ ಕೆರಾಡಿಯಂತಹ ಗ್ರಾಮಕ್ಕೆ ನಲವತ್ತೈದನೆಯ ವಯಸ್ಸಿನಲ್ಲಿಯೇ ಉದ್ಯೋಗ ಬಿಟ್ಟು ಮರಳಿದ ಶ್ರಾವಕನೊಬ್ಬನನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿರಿ. ಇಂತಹವರು ವಿರಳರಲ್ಲ. ನಮ್ಮ ಕರಾವಳಿಯು ಬ್ಯಾಂಕುಗಳ ತವರು. 2000-01ರಲ್ಲಿ ಸಾರ್ವಜನಿಕ ಬ್ಯಾಂಕುಗಳಲ್ಲಿ ಸ್ವಯಂ ನಿವೃತ್ತಿಯ ಯೋಜನೆ ಬಂದಾಗ, 15 ವರ್ಷ ಸೇವೆ ಸಲ್ಲಿಸಿದವರಿಗೆ ಅಥವಾ 40 ವರ್ಷ ತುಂಬಿದವರಿಗೆ ಅದರ ಬಾಗಿಲು ತೆರೆದಿತ್ತು. ಅಂದು ದೇಶದಲ್ಲಿ ಸಾವಿರಾರು ಮಂದಿ ನಡುವಯಸ್ಸಿನಲ್ಲಿಯೇ ಮನೆಗೆ ಮರಳಿದರು. ಸೈನ್ಯದಿಂದ ಬರುವವರೂ ಬಹುಮಟ್ಟಿಗೆ ಇದೇ ವಯಸ್ಸಿನವರು. ನಮ್ಮ ಶ್ರಾವಕನಿಗೆ ಹೊಟ್ಟೆಬಟ್ಟೆಗೆ ಕೊರತೆಯಿಲ್ಲ. ಅಡಿಕೆ ತೋಟವಿದೆ, ಠೇವಣಿಯ ಬಡ್ಡಿ ಬರುತ್ತದೆ. ಜೂನ್ ತಿಂಗಳಲ್ಲಿ ಮಳೆ ಹಿಡಿಯುತ್ತದೆ. ಅವನು ಜಗಲಿಯಲ್ಲಿ ಕುಳಿತು ಮಾಡಿನ ಹನಿಯನ್ನು ನೋಡುತ್ತಾನೆ. ಓದಿದ ಪತ್ರಿಕೆಯನ್ನೇ ಮತ್ತೆ ಓದುತ್ತಾನೆ. ಕೈಯಲ್ಲಿನ ಮೊಬೈಲನ್ನು ಉಜ್ಜುತ್ತಾನೆ. ಊಟಕ್ಕೆ ಹೊತ್ತಾಯಿತೇ ಎಂದು ಹಸಿವಿಲ್ಲದಿದ್ದರೂ ಒಳಗೆ ಇಣುಕುತ್ತಾನೆ.

ಲೋಕವು ಇದನ್ನು ಬೇಸರವೆಂದು ಕರೆಯುತ್ತದೆ. ಶಾಸ್ತ್ರದಲ್ಲಿ ಇದರ ಹೆಸರು ಅರತಿ. ಚಾರಿತ್ರಮೋಹನೀಯ ಕರ್ಮದ ಒಂಬತ್ತು ನೋಕಷಾಯಗಳಲ್ಲಿ ಅದೂ ಒಂದು. ಮುನಿಗಳು ಗೆಲ್ಲಬೇಕಾದ 22 ಪರೀಷಹಗಳಲ್ಲಿಯೂ ಹಸಿವು, ಬಾಯಾರಿಕೆ, ಶೀತ, ಉಷ್ಣಗಳ ಸಾಲಿನಲ್ಲಿಯೇ ಅದಕ್ಕೆ ಸ್ಥಾನವಿದೆ. ಅರತಿಯು ರತಿಯ ಅವಳಿ. ಒಂದು ವಸ್ತುವಿನಲ್ಲಿ ರುಚಿ ಹುಟ್ಟುವುದು ರತಿ. ಆ ರುಚಿ ತೀರಿದಾಗ ಉಳಿಯುವುದು ಅರತಿ. ಆದುದರಿಂದ ಹೊಸ ವಿನೋದದಿಂದ ಬೇಸರವನ್ನು ಕಳೆಯುತ್ತೇನೆಂಬುದು ಉಪ್ಪುನೀರಿನಿಂದ ದಾಹವನ್ನು ತಣಿಸುವ ಯತ್ನ. ಕೆಲಸವಿಲ್ಲದ್ದು ಬೇಸರದ ಮೂಲವಲ್ಲ. ಕೆಲಸದ ಗದ್ದಲದಲ್ಲಿ ಮುಚ್ಚಿಹೋಗಿದ್ದ ಅರತಿಯು ಗದ್ದಲ ನಿಂತಾಗ ಕಾಣಿಸಿಕೊಂಡಿದೆ, ಅಷ್ಟೆ.

ಶ್ರಾವಕನಿಗೆ ಹನ್ನೊಂದು ಪ್ರತಿಮೆಗಳು ವಿಹಿತವಾಗಿವೆ. ದರ್ಶನ, ವ್ರತ, ಸಾಮಾಯಿಕ, ಪ್ರೋಷಧೋಪವಾಸ, ಸಚಿತ್ತತ್ಯಾಗ, ರಾತ್ರಿಭುಕ್ತಿತ್ಯಾಗ, ಬ್ರಹ್ಮಚರ್ಯ ಎಂಬ ಏಳರ ಅನಂತರ ಬರುವುದು ಆರಂಭತ್ಯಾಗ. ಆರಂಭವೆಂದರೆ ಪ್ರಾಣಿಘಾತಕ್ಕೆ ಕಾರಣವಾಗುವ ಜೀವನೋದ್ಯೋಗ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಹೇಳುವಾಗ ಸೇವೆ, ಕೃಷಿ, ವಾಣಿಜ್ಯ ಎಂದು ಸೇವೆಯನ್ನೇ ಮೊದಲು ಎಣಿಸಿದ್ದಾರೆ. ಹಾಗಾದರೆ ಉದ್ಯೋಗವನ್ನು ಬಿಟ್ಟು ಬಂದವನು ಹೊರನೋಟಕ್ಕೆ ಎಂಟನೆಯ ಮೆಟ್ಟಿಲಿನ ಮೇಲೆ ನಿಂತಂತಾಯಿತು. ಆದರೆ ಅವನು ಏಳು ಮೆಟ್ಟಿಲುಗಳನ್ನು ಏರಿ ಬಂದವನಲ್ಲ. ಒಂದು ಅರ್ಜಿಯ ಬಲದಿಂದ ಅಲ್ಲಿಗೆ ಎತ್ತಿ ಇಡಲ್ಪಟ್ಟವನು. ಕೆಳಗೆ ಆಧಾರವಿಲ್ಲದ ಎತ್ತರದಲ್ಲಿ ನಿಂತವನಿಗೆ ತಲೆ ಸುತ್ತುವುದು ಸಹಜ. ಆ ಸುತ್ತಿಗೆ ಮದ್ದು ಮತ್ತೆ ಉದ್ಯೋಗಕ್ಕೆ ಓಡುವುದೊಂದೇ ಅಲ್ಲ. ಕೆಳಗಿಳಿದು ಮೊದಲನೆಯ ಮೆಟ್ಟಿಲಿನಿಂದ ಕ್ರಮವಾಗಿ ಏರುವುದು. ಬಿಡುವು ದೊರೆತಿರುವುದು ಈ ಏರಿಕೆಗಾಗಿ. ಮಕ್ಕಳ ವಿದ್ಯೆ, ತಂದೆತಾಯಿಗಳ ಪೋಷಣೆ ಇನ್ನೂ ಉಳಿದಿದ್ದರೆ ನ್ಯಾಯೋಪಾರ್ಜಿತವಾದ ದುಡಿಮೆಯನ್ನು ಮುಂದುವರಿಸುವುದೇ ಅವನ ಧರ್ಮ. ಸೋಮಾರಿತನಕ್ಕೆ ತ್ಯಾಗವೆಂಬ ಹೆಸರನ್ನು ಕೊಡಬಾರದು.

ಏರದೆ ಸುಮ್ಮನೆ ಕುಳಿತರೆ ಏನಾಗುತ್ತದೆ? ಬರಿಯ ಬಿಡುವು ಅನರ್ಥದಂಡದ ಹೊಲ. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂಬ ಅದರ ಐದು ಭೇದಗಳನ್ನು ನಮ್ಮ ಜಗಲಿಯ ಶ್ರಾವಕನೊಂದಿಗೆ ಹೋಲಿಸಿ ನೋಡಿರಿ. ನೆರೆಯವನಿಗೆ ವ್ಯಾಜ್ಯ ಹೂಡಲು ಬುದ್ಧಿ ಹೇಳುವುದು, ಮೇಲೆ ಬಂದ ಸಹೋದ್ಯೋಗಿಯ ಕೇಡನ್ನು ನೆನೆಯುವುದು, ರಾಗದ್ವೇಷ ಕೆರಳಿಸುವ ಮಾತುಗಳನ್ನು ಹಗಲೆಲ್ಲ ಕೇಳುವುದು, ನಿಷ್ಪ್ರಯೋಜನವಾಗಿ ಅಲೆಯುವುದು - ಇವಾವುದರಿಂದಲೂ ಅವನಿಗೆ ಬಿಡಿಗಾಸಿನ ಲಾಭವಿಲ್ಲ. ಆದರೂ ಕರ್ಮಬಂಧ ತಪ್ಪುವುದಿಲ್ಲ.

ಅದೇ ಮಳೆಗಾಲವನ್ನು ಇನ್ನೊಂದು ದೃಷ್ಟಿಯಿಂದ ನೋಡಿರಿ. ಆಷಾಢ ಶುಕ್ಲ ಚತುರ್ದಶಿಯಿಂದ ದೀಪಾವಳಿಯವರೆಗೆ ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ವರ್ಷಾಯೋಗದಲ್ಲಿರುತ್ತಾರೆ. ಅವರೂ ಕುಳಿತಿದ್ದಾರೆ, ಅವರ ಮುಂದೆಯೂ ಮಳೆ ಸುರಿಯುತ್ತಿದೆ. ಆದರೆ ಅವರ ಹೊತ್ತಿಗೆ ಕಟ್ಟಿದೆ. ವ್ರತವೆಂದರೆ ಹೊತ್ತಿಗೆ ಕಟ್ಟುವ ಕಟ್ಟೆಯೇ. ಕಟ್ಟೆಯಿಲ್ಲದ ನೀರು ಗದ್ದೆಯನ್ನು ಕೊಚ್ಚುತ್ತದೆ. ಕಟ್ಟೆಯೊಳಗಿನ ನೀರು ಪೈರನ್ನು ಬೆಳೆಸುತ್ತದೆ.

ಆದುದರಿಂದ ನಿವೃತ್ತನಾದ ಶ್ರಾವಕನು ಮೊದಲು ದಿನಕ್ಕೆ ಕಟ್ಟೆ ಹಾಕಲಿ. ಬೆಳಗ್ಗೆ ಎರಡು ಘಳಿಗೆ, ಎಂದರೆ 48 ನಿಮಿಷ, ಸಾಮಾಯಿಕ, ಸಂಜೆಯೂ ಅಷ್ಟೇ. ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪ, ದಾನ ಎಂಬ ಷಟ್ಕರ್ಮಗಳಲ್ಲಿ ಉದ್ಯೋಗಕಾಲದಲ್ಲಿ ಕೈಬಿಟ್ಟವನ್ನು ಒಂದೊಂದಾಗಿ ಮತ್ತೆ ಕೈಗೊಳ್ಳಲಿ. ಸ್ವಾಧ್ಯಾಯವು ಓದುವುದರಲ್ಲಿಯೇ ಮುಗಿಯುವುದಿಲ್ಲ. ಕೇಳಿ ತಿಳಿಯುವುದು, ಚಿಂತಿಸುವುದು, ಶುದ್ಧವಾಗಿ ಪಾಠಮಾಡುವುದು, ಬಲ್ಲುದನ್ನು ಊರಿನ ಮಕ್ಕಳಿಗೆ ಹೇಳಿಕೊಡುವುದು ಕೂಡ ಅದರ ಅಂಗಗಳೇ. ಲೆಕ್ಕಪತ್ರ ಬಲ್ಲವನು ಬಸದಿಯ ಲೆಕ್ಕವನ್ನು ನೋಡಿಕೊಡಬಹುದು. ವರ್ಷಕ್ಕೊಮ್ಮೆಯಾದರೂ ಸಕುಟುಂಬವಾಗಿ ವರಾಂಗಕ್ಕೆ ಹೋಗಿ, ದೋಣಿಯಲ್ಲಿ ಕೆರೆಬಸದಿಗೆ ದಾಟಿ, ಜಿನದರ್ಶನ ಪಡೆಯಲಿ.

ಅನಂತರ ಪಕ್ಷಕ್ಕೆ ಕಟ್ಟೆ. ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸ. ಹಿಂದಿನ ದಿನವೂ ಮರುದಿನವೂ ಏಕಭುಕ್ತ. ಹೀಗೆ ತಿಂಗಳಲ್ಲಿ ನಾಲ್ಕು ಪರ್ವಗಳು. ಉಪವಾಸದ ದಿನ ತೂಕಡಿಸದೆ ಜ್ಞಾನಧ್ಯಾನಗಳಲ್ಲಿ ತೊಡಗಿರಬೇಕೆಂದು ಆಚಾರ್ಯರು ವಿಧಿಸಿದ್ದಾರೆ. ಹೊತ್ತು ಕಳೆಯಲು ಉಪವಾಸ ಮಾಡುವವನು ಗಡಿಯಾರವನ್ನು ನೋಡುತ್ತ ಪಾರಣೆಯನ್ನು ನೆನೆಯುತ್ತಾನೆ. ಅವನದು ಲಂಘನವೇ ಹೊರತು ಉಪವಾಸವಲ್ಲ. ವ್ರತದಲ್ಲಿಯೂ ಬೇಸರ ಬಂದೇ ಬರುತ್ತದೆ. ಬಂದಾಗ ಎದ್ದು ಓಡದೆ, ಇದು ಅರತಿ, ಉದಯಕ್ಕೆ ಬಂದ ಕರ್ಮ, ಉದಯಿಸಿದ್ದು ಅಸ್ತವಾಗುತ್ತದೆ ಎಂದು ತಿಳಿದು ಕುಳಿತಲ್ಲಿಯೇ ಸಹಿಸಬೇಕು. ಹಸಿವನ್ನು ಗೆಲ್ಲುವುದಕ್ಕಿಂತ ಇದು ಕಠಿಣ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಗಂಡನು ನಿವೃತ್ತನಾದರೂ ಅಡುಗೆಮನೆಗೆ ನಿವೃತ್ತಿಯಿಲ್ಲ. ಅವನ ಏಕಭುಕ್ತಕ್ಕೆ ಬೇರೆ ಅಡುಗೆ, ಪಾರಣೆಗೆ ಇನ್ನೊಂದು ಸಿದ್ಧತೆ ಎಂದು ಗೃಹಿಣಿಯ ದುಡಿಮೆ ಇಮ್ಮಡಿಯಾದರೆ, ಆರಂಭವು ಕೈಬದಲಾಯಿತೇ ಹೊರತು ತ್ಯಾಗವಾಗಲಿಲ್ಲ. ಕೃತ, ಕಾರಿತ, ಅನುಮೋದನೆಗಳಲ್ಲಿ ಕಾರಿತಕ್ಕೂ ಫಲವುಂಟು. ನೀರು ಸೋಸುವುದನ್ನೂ ಧಾನ್ಯ ಆರಿಸುವುದನ್ನೂ ತಾನೇ ವಹಿಸಿಕೊಂಡು, ಆಕೆಗೂ ಸಾಮಾಯಿಕಕ್ಕೆ ಎರಡು ಘಳಿಗೆ ಒದಗಿಸಿಕೊಟ್ಟವನ ಬಿಡುವು ಸಾರ್ಥಕ. ಮಗ ಸೊಸೆಯರ ಪ್ರತಿಯೊಂದು ವ್ಯವಹಾರದಲ್ಲಿಯೂ ಕೈಹಾಕುವವನು ಹತ್ತನೆಯದಾದ ಅನುಮತಿತ್ಯಾಗವನ್ನು ನೆನೆಯಲಿ. ಕೇಳದೆ ಸಲಹೆ ಕೊಡದಿರುವುದು ಅದರ ಮೊದಲ ಅಭ್ಯಾಸ.

ಬಾಳು ನಡುವಿನಲ್ಲಿಯೇ ಬರಿದಾದಾಗ ಏನು ಮಾಡಬಹುದೆಂಬುದಕ್ಕೆ ದಾನಚಿಂತಾಮಣಿ ಅತ್ತಿಮಬ್ಬೆಗಿಂತ ದೊಡ್ಡ ನಿದರ್ಶನ ಕನ್ನಡ ನಾಡಿನಲ್ಲಿಲ್ಲ. ಚಾಲುಕ್ಯ ಸೇನಾನಿಯಾದ ಪತಿ ನಾಗದೇವನು ತೀರಿಕೊಂಡಾಗ ಆಕೆ ಇನ್ನೂ ತರುಣಿ. ಸವತಿಯೂ ತಂಗಿಯೂ ಆದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಬದುಕುವುದನ್ನು ಆರಿಸಿಕೊಂಡಳು, ಮಗನನ್ನು ಬೆಳೆಸಿದಳು, ವ್ರತೋಪವಾಸಗಳಿಂದ ದೇಹವನ್ನು ದಂಡಿಸಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ರನ್ನನಿಗೆ ಆಶ್ರಯವಿತ್ತಳು, 993ರಲ್ಲಿ ಅಜಿತಪುರಾಣ ಪೂರ್ಣವಾಯಿತು. 1007ರ ಶಾಸನವು ಹೇಳುವಂತೆ ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ಆಕೆಯ ಬಿಡುವು ಯಾರೂ ಬಯಸದ ಬಿಡುವು. ದುಃಖವೇ ತಂದುಕೊಟ್ಟ ಬಿಡುವು. ಅದನ್ನು ಆಕೆ ವ್ರತಕ್ಕೂ ಶ್ರುತಕ್ಕೂ ದಾನಕ್ಕೂ ಹಂಚಿದಳು. ತಾನೇ ಬಯಸಿ ಬಿಡುವನ್ನು ಪಡೆದವನು ಹೊತ್ತು ಹೋಗದೆಂದು ಹೇಳುವುದು ಎಷ್ಟರಮಟ್ಟಿಗೆ ಒಪ್ಪುತ್ತದೆ?

ಹೊತ್ತು ಹೋಗುವುದಿಲ್ಲವೆಂಬುದು ಭ್ರಮೆ. ಅದು ಹೋಗುತ್ತಲೇ ಇದೆ. ಆಯುಷ್ಯಕರ್ಮದ ನಿಷೇಕಗಳು ಸಮಯ ಸಮಯಕ್ಕೂ ಉದುರುತ್ತಲೇ ಇವೆ. ದುರ್ಲಭವಾದ ಮನುಷ್ಯಜನ್ಮ, ಅದರಲ್ಲಿ ಶ್ರಾವಕಕುಲ, ಅದರಲ್ಲಿ ಆರೋಗ್ಯವಿರುವಾಗಲೇ ದೊರೆತ ಬಿಡುವು - ಇವು ಒಟ್ಟಿಗೆ ಕೂಡಿಬರುವುದು ಅಪರೂಪ. ಬರುವ ಅಷ್ಟಮಿಯಂದು ಕೆರಾಡಿಯ ಜಗಲಿಯಲ್ಲಿ ಮಳೆ ನೋಡುತ್ತ ಕುಳಿತವನು ಎದ್ದು, ಮಿಂದು, ಎರಡು ಘಳಿಗೆಯ ನಿಯಮವನ್ನು ಹಿಡಿಯಲಿ. ಮೆಟ್ಟಿಲು ಮೊದಲನೆಯದಾದರೂ ಅವನೇ ಏರಿದ ಮೆಟ್ಟಿಲು ಅದಾಗಿರುತ್ತದೆ. ಸರ್ವರಿಗೂ ಧರ್ಮವೃದ್ಧಿಯಾಗಲಿ.