ನಿಲ್ಲುವವನಿಗೆ ತಕ್ಕ ದೋಣಿ



ಯೇಸುಸ್ವಾಮಿಯವರು ತಮ್ಮ ಮೊದಲ ಶಿಷ್ಯರನ್ನು ಕರೆದದ್ದು ಮೀನುಗಾರರ ನಡುವಿನಿಂದ. 1986ರಲ್ಲಿ ಬರಗಾಲದಿಂದ ಗಲಿಲೇಯ ಸರೋವರದ ನೀರು ಇಳಿದಾಗ, ಸುಮಾರು ಆ ಕಾಲದ ಒಂದು ದೋಣಿ ಕೆಸರಿನಲ್ಲಿ ಸಿಕ್ಕಿತು. ಅದರ ಉದ್ದ 8 ಮೀಟರಿಗಿಂತ ತುಸು ಹೆಚ್ಚು, ಅಗಲ 2.3 ಮೀಟರ್. ನಿಂತು ದುಡಿಯುವವರಿಗೆ ಅಗಲವಾದ ದೋಣಿ ಬೇಕೆಂಬುದು ಹಳೆಯ ತಿಳಿವು.

ಕಯಾಕ್ ಎಂಬ ಪುಟ್ಟ ದೋಣಿಯ ಕಥೆ ಬೇರೆ. ಉತ್ತರದ ಹಿಮನಾಡಿನ ಇನ್ಯೂಟ್ ಜನರು ಬೇಟೆಗಾಗಿ ಸೀಲ್ ತೊಗಲು ಹೊದಿಸಿ ಮಾಡಿದ ಈ ಕಿರಿದಾದ ದೋಣಿ ಕೂತು ಸಾಗುವುದಕ್ಕೆ ಹೊಂದಿದ್ದು. ಇಂದು ಸಾಲಿಗ್ರಾಮದ ಹಿನ್ನೀರಿನಲ್ಲಿ ಪ್ರವಾಸಿಗರು ಕಯಾಕ್ ನಡೆಸುವುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ನಿಂತು ಗಾಳ ಹಾಕಲೆಂದೇ ಮಾಡಿದ ಕಯಾಕುಗಳೂ ಈಗ ಇವೆ. ಮನೆಯ ಮಗ ಅಂಥದೊಂದನ್ನು ಕೊಳ್ಳಬೇಕೆಂದರೆ ಹೆತ್ತವರು ಏನು ನೋಡಬೇಕು?

ಮೊದಲು ಅಗಲ. ನಿಲ್ಲುವವನಿಗೆ 33 ಅಂಗುಲವಾದರೂ ಇರಲಿ. 36 ಇದ್ದರೆ ಇನ್ನೂ ಒಳ್ಳೆಯದು. ಆಮೇಲೆ ತಳ. ಎರಡು ಪಕ್ಕಗಳಲ್ಲಿ ಉಬ್ಬಿ ನಡುವೆ ತಗ್ಗಾಗಿರುವ ತಳ ನಿಂತವನನ್ನು ಎರಡೂ ಕಡೆಯಿಂದ ಎತ್ತಿ ಹಿಡಿಯುತ್ತದೆ. ಕುರ್ಚಿ ಎತ್ತರವಾದಷ್ಟೂ ದೋಣಿ ಬೇಗ ಓಲಾಡುತ್ತದೆ. ಆದ್ದರಿಂದ ಅದನ್ನು ತಗ್ಗಿಸಲು ಬರಬೇಕು.

ಇಲ್ಲಿ ಒಂದು ಮಾತನ್ನು ಗಮನಿಸಿರಿ. ಸ್ಥಿರತೆಯಲ್ಲಿ ಎರಡು ಬಗೆ. ಒಂದು, ಶಾಂತ ನೀರಿನಲ್ಲಿ ಅಲುಗದಿರುವುದು. ಇನ್ನೊಂದು, ವಾಲಿದ ಮೇಲೂ ಮಗುಚದೆ ತಡೆದು ನಿಲ್ಲುವುದು. ಬರೀ ಚಪ್ಪಟೆ ತಳದ ದೋಣಿ ಶಾಂತ ನೀರಿನಲ್ಲಿ ಬಂಡೆಯಂತಿದ್ದರೂ, ಒಂದು ಮಿತಿ ದಾಟಿ ವಾಲಿದರೆ ಥಟ್ಟನೆ ಮಗುಚಬಹುದು. ಅಂಗಡಿಯ ನೆಲದ ಮೇಲೆ ಇದು ತಿಳಿಯುವುದಿಲ್ಲ. ಜೀವರಕ್ಷಕ ಜಾಕೆಟ್ ತೊಟ್ಟು, ಜೊತೆಗೊಬ್ಬರನ್ನು ಇಟ್ಟುಕೊಂಡು, ಸೊಂಟದೆತ್ತರದ ನೀರಿನಲ್ಲಿ ನಿಂತು ನೋಡಬೇಕು. ಪಕ್ಕಕ್ಕೆ ವಾಲಬೇಕು, ಬೇಕೆಂದೇ ಬೀಳಬೇಕು, ಮತ್ತೆ ಹತ್ತಬೇಕು. ಹತ್ತಲು ಬಾರದ ದೋಣಿ ಎಷ್ಟು ಅಗಲವಿದ್ದರೂ ಬೇಡ.

ಭಾರದ ವಿಷಯದಲ್ಲಿ ಸಂತ ಲೂಕನ ಶುಭಸಂದೇಶ, ಐದನೆಯ ಅಧ್ಯಾಯವನ್ನು ನೆನೆಯಿರಿ. ದೇವರು ಕೊಟ್ಟ ಮೀನೇ ಆದರೂ, ಹೆಚ್ಚಾದಾಗ ದೋಣಿಗಳು ಮುಳುಗುವಂತಾದವು. ತಯಾರಕರು ಹೇಳುವ ಭಾರಮಿತಿಯ ಮೂರರಲ್ಲಿ ಎರಡು ಪಾಲನ್ನು ಮೀರದಿರುವುದು ಲೇಸು. ಮೈತೂಕ, ಐಸ್ ಪೆಟ್ಟಿಗೆ, ಗಾಳ, ಕುಡಿಯುವ ನೀರು ಎಲ್ಲವೂ ಆ ಲೆಕ್ಕದಲ್ಲಿ ಸೇರಬೇಕು. ಅಗಲವಾದ ಕಯಾಕ್ ನಿಧಾನವಾಗಿ ಸಾಗುತ್ತದೆ, ಗಾಳಿಗೆ ಸಿಲುಕುತ್ತದೆ. ಹಲವು ಖಾಲಿಯಾಗಿಯೇ 40 ಕಿಲೋ ಮೀರುತ್ತವೆ. ದಡಕ್ಕೆ ಎಳೆಯುವವರು ಯಾರೆಂದು ಮೊದಲೇ ಯೋಚಿಸಿರಿ.

ಎಂಥ ದೋಣಿಯಾದರೂ ಗಾಳಿ ಎದ್ದಾಗ ಕೂತುಕೊಳ್ಳಬೇಕು. ಕೂತರೆ ಗೌರವ ಕಡಿಮೆಯಾಗದು. ಈಜು ಬರುತ್ತದೆಂದು ಜಾಕೆಟ್ ಬಿಟ್ಟು ಹೋಗುವುದು ಧೈರ್ಯವೆನಿಸದು. ಮನೆಯಲ್ಲಿ ದೀಪ ಹಚ್ಚಿ ಕಾದಿರುವವರಿಗೆ ಅದು ಅನ್ಯಾಯ.

ಪ್ರಿಯರೇ, ನಮ್ಮ ಸಂಸಾರಗಳೂ ಹೀಗೆಯೇ. ಸಂಬಳ ಬರುವಾಗ, ಮೈ ಚೆನ್ನಾಗಿರುವಾಗ ಎಲ್ಲ ಮನೆಗಳೂ ಗಟ್ಟಿಯಾಗಿಯೇ ಕಾಣುತ್ತವೆ. ಕಾಯಿಲೆ, ಸಾಲ, ಮುನಿಸು ಬಂದು ಮನೆ ವಾಲಿದಾಗ ತಡೆದು ನಿಲ್ಲಿಸುವುದು ಯಾವುದು? ಸಂಜೆ ಒಟ್ಟಿಗೆ ಹೇಳಿದ ಜಪಸರ, ಒಬ್ಬರನ್ನೊಬ್ಬರು ಕ್ಷಮಿಸಿದ ಅಭ್ಯಾಸ. ಇವನ್ನು ಶಾಂತ ದಿನಗಳಲ್ಲೇ ಕಲಿಯಬೇಕು. ಬಿದ್ದವನಿಗೆ ಮರಳಿ ಹತ್ತಲು ಪಾಪನಿವೇದನೆಯ ಸಂಸ್ಕಾರವಿದೆ. ಮುಳುಗುತ್ತಿದ್ದ ಪೇತ್ರನು ಕೂಗಿದೊಡನೆ ಸ್ವಾಮಿ ಕೈ ಚಾಚಿದರು. ಆ ಕೈ ಇಂದೂ ನಮ್ಮ ಸಮೀಪದಲ್ಲೇ ಇದೆ.

ನೀರಿಗಿಳಿಯುವ ನಮ್ಮ ಮಕ್ಕಳೆಲ್ಲರೂ ಕ್ಷೇಮವಾಗಿ ಮನೆ ಸೇರಲಿ. ಆಮೆನ್.